ಮದ್ರಾಸಿನ ಸ್ಟುಡಿಯೋ ಆಂಪ್ಲಿಫೈಯರ್ ಮನೆಗೆ ಬಂದರೆ

1954ರ ‘ಬೇಡರ ಕಣ್ಣಪ್ಪ’ದ ಕಾಲದಿಂದ ದಶಕಗಳವರೆಗೆ ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ರೆಕಾರ್ಡ್ ಆಗಿದ್ದು ಮದ್ರಾಸಿನಲ್ಲೇ, ಕೋಡಂಬಾಕ್ಕಂ-ವಡಪಳನಿ ಸುತ್ತಮುತ್ತ. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿಗೆ ಸಂಕೇತ್ ಸ್ಟುಡಿಯೋ ತಂದರು. ಆಮೇಲೆ ಡಿಜಿಟಲ್ ಬಂತು, ಹಳೇ ಆಂಪ್ಲಿಫೈಯರ್‌ಗಳು ಮೂಲೆ ಸೇರಿದವು.

ಅಂಥದ್ದೊಂದು ಸಿಕ್ಕಿದರೆ ಮನೆಯ ಹೈ-ಫೈಗೆ ಹಾಗೇ ಜೋಡಿಸೋಕಾಗಲ್ಲ. ಯಾಕೆ? ವೃತ್ತಿಪರ ಲೈನ್ ಮಟ್ಟ ಸುಮಾರು 1.23 ವೋಲ್ಟ್, ಮನೆಯ ಸಾಧನಗಳದ್ದು 0.316. ಹಾಗಾಗಿ ದನಿ ಸಣ್ಣಗೆ ಕೇಳಬಹುದು. ಸ್ಟುಡಿಯೋದ್ದು ಮೂರು ತಂತಿಯ ಬ್ಯಾಲೆನ್ಸ್ಡ್ ಲೈನ್. ಉದ್ದದ ಕೇಬಲ್ಲಿನಲ್ಲೂ ಗುಂಯ್‌ಗುಡಬಾರದು ಅಂತ. ನಮ್ಮ ಆರ್‌ಸಿಎ ಎರಡೇ ತಂತಿ. ನಡುವೆ ಲೈನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಹೊಂದುತ್ತೆ.

ಅಮೆರಿಕದ 117 ವೋಲ್ಟಿನ ಯಂತ್ರವನ್ನ ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತೆ. ಒಣಗಿದ ಕೆಪಾಸಿಟರ್‌ಗಳನ್ನೂ ಬಲ್ಲವರಿಂದ ಬದಲಾಯಿಸಿಸಿ.

ಗುಜರಿಗೆ ಹಾಕಿದರೆ ಸಿಗೋದು ತಾಮ್ರದ ಬೆಲೆ. ರಿಪೇರಿ ಮಾಡಿಸಿದರೆ ಒಂದು ಕಾಲದ ದನಿಯೇ ಮನೆಯಲ್ಲಿ ಉಳಿಯುತ್ತೆ.