ನೆಲದಡಿಯ ಗಾಳಿದಾರಿ

ಗೊರೂರಿನ ನಮ್ಮ ಹಳೆಯ ಮನೆಯಲ್ಲಿ ರಾಗಿ ತುಂಬಿಡುವ ನೆಲದಡಿಯ ಹಗೇವು ತೆಗೆಯುವ ದಿನ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಬಾಯಿಗೆ ಮುಚ್ಚಿದ ಚಪ್ಪಡಿ ಸರಿಸಿ, ಬಹಳ ಹೊತ್ತು ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ಕಟ್ಟಿದ ಲಾಟೀನನ್ನು ಇಳಿಬಿಡುತ್ತಿದ್ದರು. ಅದು ಆರಿತೆಂದರೆ ಯಾರೂ ಇಳಿಯುವಂತಿಲ್ಲ. ನೆಲದೊಳಗಿನ ಗಾಳಿಯೇ ಬೇರೆ ಎಂದು ನನಗೆ ತಿಳಿದದ್ದು ಆ ಲಾಟೀನಿನಿಂದ.

ಅದು ಮತ್ತೆ ನೆನಪಾದದ್ದು ಅಮೆರಿಕದ ಒಹಾಯೋದಲ್ಲಿ, ಮಗಳು ಕೊಂಡ ಅರವತ್ತರ ದಶಕದ ಮನೆಯಲ್ಲಿ. ಕಿಟಕಿಗಳ ಕೆಳಗೆ ನೆಲದಲ್ಲೇ ಜಾಲರಿಗಳು. ಚಳಿಗಾಲದಲ್ಲಿ ಅಲ್ಲಿಂದ ಬಿಸಿಗಾಳಿ ಬರಬೇಕು. ಜೊತೆಗೆ ಮುಗ್ಗಲು ವಾಸನೆಯೂ ಬರುತ್ತಿತ್ತು. “ಮಳೆಯಾದ ಮಾರನೇ ದಿನ ಜಾಸ್ತಿ ಅಪ್ಪಾ” ಎಂದಳು. ಜಾಲರಿ ಎತ್ತಿ ಟಾರ್ಚ್ ಹಾಕಿದರೆ ಕೊಳವೆಯ ತಳದಲ್ಲಿ ಎರಡು ಬೆರಳು ನೀರು, ಬದಿಯಲ್ಲಿ ಉಗುರು ತಾಗಿದರೆ ಉದುರುವ ತುಕ್ಕು.

ನಮ್ಮೂರಿನ ಲೇಖಕ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1980ರಲ್ಲಿ. ಅಲ್ಲಿಂದೀಚೆಗೆ ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲೇ ಮನೆ ಮಾಡಿದ್ದಾರೆ. ಹಾಗಾಗಿ ಈ ಕೊಳವೆಗಳ ಕಥೆ ನಮಗೂ ಸೇರಿದ್ದು.

ನೆಲದಡಿ ಬಿಸಿಗಾಳಿ ಹರಿಸುವುದು ರೋಮನ್ನರ ಸ್ನಾನಗೃಹಗಳಷ್ಟು, ಕೊರಿಯಾದ ‘ಒಂದೋಲ್’ ಮನೆಗಳಷ್ಟು ಹಳೆಯದು. ಆದರೆ ಇವತ್ತಿನ ತಾಪತ್ರಯ ಶುರುವಾದದ್ದು ಎರಡನೇ ಮಹಾಯುದ್ಧದ ನಂತರ. ಅಮೆರಿಕಕ್ಕೆ ಸೈನಿಕರು ಮರಳಿದ್ದರು, ಮನೆಗಳು ಸಾಲುತ್ತಿರಲಿಲ್ಲ. ನೆಲಮಾಳಿಗೆಯ ಖರ್ಚು ಬಿಟ್ಟು, ನೆಲಕ್ಕೇ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಮೇಲೆ ಮನೆ ಎಬ್ಬಿಸುವ ಪದ್ಧತಿ ಹಬ್ಬಿತು. ನ್ಯೂಯಾರ್ಕ್ ಬಳಿಯ ಲೆವಿಟೌನ್‌ನಲ್ಲಿ 1947ರಿಂದ ಹೀಗೆ 17 ಸಾವಿರಕ್ಕೂ ಹೆಚ್ಚು ಮನೆಗಳಾದವು. ಅಲ್ಲಿ ಸ್ಲ್ಯಾಬಿನೊಳಗೆ ಬಿಸಿನೀರಿನ ತಾಮ್ರದ ಕೊಳವೆ ಇಟ್ಟರು. ಬೇರೆ ಕಡೆ ಅನೇಕರು ಗಾಳಿಯ ಕೊಳವೆ ಹೂತರು. ಕೆಲವು ಸತುವಿನ ಲೇಪದ ತಗಡಿನವು, ಕೆಲವು ಮೇಣ ಹಚ್ಚಿದ ಕಾಗದದ ಸುರುಳಿ, ಇನ್ನು ಕೆಲವು ಕಲ್ನಾರು ಸಿಮೆಂಟಿನವು.

ಮೊದಲೆರಡಕ್ಕೂ ನೀರೇ ಶತ್ರು. ಹಸಿ ಕಾಂಕ್ರೀಟು ಸತುವನ್ನು ತಿನ್ನುತ್ತದೆ, ತಗಡು ತೂತಾಗುತ್ತದೆ. ಕಾಗದ ನೆನೆದು ಕುಸಿಯುತ್ತದೆ. ಕಲ್ನಾರು ಕೊಳೆಯದು, ಆದರೆ ಒಡೆದರೆ ಅದರ ಎಳೆ ಶ್ವಾಸಕೋಶಕ್ಕೆ ಸೇರುತ್ತದೆ. ಆಮೇಲೆ ಏಸಿ ಬಂತು. ಬಿಸಿಗಾಳಿಗೆಂದು ಮಾಡಿದ ಕೊಳವೆಯಲ್ಲಿ ಬೇಸಿಗೆಯಿಡೀ ತಣ್ಣನೆಯ ಗಾಳಿ. ಏಸಿ ನಿಂತಾಗ ಒಳಬಂದ ತೇವದ ಗಾಳಿ ತಣ್ಣಗಿನ ಗೋಡೆಗೆ ತಾಗಿ ಹನಿಗಟ್ಟಿತು.

1984ರ ಕೊನೆಯಲ್ಲಿ ಇನ್ನೊಂದು ಭಯ ಸೇರಿತು. ಪೆನ್ಸಿಲ್ವೇನಿಯಾದ ಲಿಮರಿಕ್ ಅಣು ಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ ಸ್ಟಾನ್ಲಿ ವಾಟ್ರಸ್ ಹಾದುಹೋದರೆ ವಿಕಿರಣದ ಗಂಟೆ ಬಾರಿಸುತ್ತಿತ್ತು. ಹುಡುಕಿದರೆ ದೋಷ ಸ್ಥಾವರದ್ದಲ್ಲ, ಅವರ ಮನೆಯೊಳಗೆ ಮಣ್ಣಿನಿಂದ ಸೋರಿದ ರೇಡಾನ್ ಅನಿಲದ್ದು. ಮನೆಯ ಗಾಳಿ ಬಿಸಿಮಾಡುವ ಫರ್ನೇಸಿಗೆ ಗಾಳಿ ಮರಳಿಸುವ ಕೊಳವೆ ಸ್ಲ್ಯಾಬಿನಡಿ ಇದ್ದು ತೂತಾಗಿದ್ದರೆ, ಅದು ಈ ಅನಿಲವನ್ನು ಎಳೆದು ಮನೆಯಿಡೀ ಹಂಚುತ್ತದೆ. ನಮ್ಮ ಹಗೇವಿನ ಲಾಟೀನೂ ಇದನ್ನು ಹೇಳಲಾರದು.

ಮೊದಮೊದಲು ರಿಪೇರಿಯೆಂದರೆ ನೆಲ ಒಡೆಯುವುದು. ಇಲ್ಲವೇ ಕೊಳವೆಗೆ ಕಾಂಕ್ರೀಟ್ ತುಂಬಿ ಮುಚ್ಚಿ, ಹೊಸ ಕೊಳವೆಯನ್ನು ಅಟ್ಟದ ಮೇಲೆ ಒಯ್ಯುವುದು. ದಾರಿ ಬದಲಿಸಿದ್ದು ಚರಂಡಿ ಕೆಲಸ. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಹಳೆಯ ಚರಂಡಿಯೊಳಗೆ ತೂರಿಸಿ, ಅಲ್ಲೇ ಗಟ್ಟಿಯಾಗಿಸಿ, ಕೊಳವೆಯೊಳಗೇ ಇನ್ನೊಂದು ಕೊಳವೆ ಮಾಡಿದರು. ಒಳಗಿಂದಲೇ ದುರಸ್ತಿ ಮಾಡಬಹುದೆಂಬ ಧೈರ್ಯ ಬಂದದ್ದು ಅಲ್ಲಿಂದ. 1990ರ ದಶಕದಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಮಾರ್ಕ್ ಮೊಡೆರಾ ಅಂಟಿನ ಹನಿಗಳನ್ನು ಗಾಳಿಯಲ್ಲಿ ತೇಲಿಬಿಟ್ಟು, ಬಿರುಕಿನಂಚಿಗೆ ಅವೇ ಹೋಗಿ ಕೂರುವಂತೆ ಮಾಡಿದರು. ಸುಮಾರು 16 ಮಿಲಿಮೀಟರ್‌ವರೆಗಿನ ಸಂದಿಗೆ ಅದು ಸಾಕು. ತಳ ಹೋದ ಕೊಳವೆಗೆ ಅಲ್ಲ. ಅಂಥದ್ದಕ್ಕೆ ಕ್ಯಾಮೆರಾ ಇಳಿಸಿ ನೋಡಿ, ತುಕ್ಕು ಕೆರೆದು, ಒಣಗಿಸಿ, ತಿರುಗುವ ನಳಿಕೆಯಿಂದ ದಪ್ಪ ಲೇಪ ಹೊಡೆಯುತ್ತಾರೆ.

ಇಲ್ಲಿ ನನ್ನದೊಂದು ಹಟವಿದೆ. ನೀರು ಎಲ್ಲಿಂದ ಬಂತೆಂದು ತಿಳಿಯದೆ ಲೇಪ ಹಚ್ಚಬಾರದು. ಹಸಿ ಗೋಡೆಗೆ ಬಣ್ಣ ನಿಲ್ಲದ ಹಾಗೆ ಅದೂ ಎದ್ದುಬರುತ್ತದೆ. ಕಲ್ನಾರಿನ ಕೊಳವೆಯನ್ನಂತೂ ಕೆರೆಯಲೇ ಕೂಡದು. ಪರವಾನಗಿ ಇದ್ದವರಿಂದ ಪರೀಕ್ಷೆ ಮಾಡಿಸಿ, ಒಡೆಯದೆ ಮುಚ್ಚಿಬಿಡುವುದು ಮೇಲು.

ನಮ್ಮಲ್ಲೂ ನೆಲದಡಿಯ ಗಾಳಿದಾರಿ ಬಂದಿದೆ, ತಂಪಿಗಾಗಿ. ಹರಿಯಾಣದ ಗ್ವಾಲ್ ಪಹಾಡಿಯಲ್ಲಿರುವ, ಇಂಧನ ಸಂಶೋಧನಾ ಸಂಸ್ಥೆ ‘ಟೆರಿ’ಯ ಕಟ್ಟಡಕ್ಕೆ 4 ಮೀಟರ್ ಆಳದಲ್ಲಿ 70 ಮೀಟರ್ ಉದ್ದದ ನಾಲ್ಕು ಸುರಂಗಗಳಿವೆ. ನಮ್ಮ ಗೊರೂರಿನ ಕಡೆ, ಹೇಮಾವತಿಯ ಹಿನ್ನೀರಿನ ಆಸುಪಾಸಿನ ಹಸಿನೆಲದಲ್ಲಿ ಯಾರಾದರೂ ಇದನ್ನು ಮಾಡಹೊರಟರೆ, ಮಳೆಗಾಲದಲ್ಲಿ ಗುಂಡಿ ತೋಡಿ ನೀರು ಎಷ್ಟು ಮೇಲೆ ನಿಲ್ಲುತ್ತದೆಂದು ಮೊದಲು ನೋಡಲಿ.

ಮಗಳ ಮನೆಯಲ್ಲಿ ಮೊದಲು ರಿಪೇರಿಯಾದದ್ದು ಕೊಳವೆಯಲ್ಲ, ಸೂರಿನ ದೋಣಿ. ಗೋಡೆಯ ಬುಡಕ್ಕೇ ಸುರಿಯುತ್ತಿದ್ದ ನೀರನ್ನು ಹತ್ತಡಿ ಆಚೆ ಹಾಯಿಸಿದರು. ಎರಡು ದೊಡ್ಡ ಮಳೆ ಕಳೆದರೂ ತಳ ಒಣಗೇ ಇತ್ತು. ಆಮೇಲೆ ಕ್ಯಾಮೆರಾ ಇಳಿಯಿತು. ಆರು ಕವಲುಗಳಲ್ಲಿ ನಾಲ್ಕಕ್ಕೆ ಲೇಪ. ಕುಸಿದಿದ್ದ ಎರಡಕ್ಕೆ ಕಾಂಕ್ರೀಟ್ ತುಂಬಿ, ಆ ಕೋಣೆಗಳಿಗೆ ಅಟ್ಟದಿಂದ ಗಾಳಿ ಇಳಿಸಿದ್ದಾರೆ.