ಲಕ್ವದ ಅನಂತರದ ಬದುಕು: ಅಗಡಿ ಸೀಮೆಯ ಸಾಮಾಜಿಕ ಚರಿತ್ರೆಗೊಂದು ಟಿಪ್ಪಣಿ

ಹಾವೇರಿ ತಾಲೂಕಿನ ಅಗಡಿಯು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಪ್ರಸಿದ್ಧವಾದುದು ಶೇಷಾಚಲ ಸದ್ಗುರುಗಳ ಆನಂದವನದಿಂದ ಮತ್ತು ಗಳಗನಾಥರ ಸಂಪಾದಕತ್ವದ ‘ಸದ್ಬೋಧ ಚಂದ್ರಿಕೆ’ಯಿಂದ. ಆದರೆ ಆ ಸೀಮೆಯ ಮನೆಗಳೊಳಗೆ ಇನ್ನೊಂದು ಚರಿತ್ರೆಯುಂಟು. ಲಕ್ವ ಹೊಡೆದು ಬದುಕುಳಿದವರು ಅನಂತರದ ವರುಷಗಳನ್ನು ಹೇಗೆ ಕಳೆದರೆಂಬುದೇ ಅದು. ಮರಣವು ದಫ್ತರದಲ್ಲಿ ದಾಖಲಾಗುತ್ತದೆ. ಪಡಸಾಲೆಯ ಮೂಲೆಯಲ್ಲಿ ಹತ್ತು ವರುಷ ಕುಳಿತವನು ದಫ್ತರಕ್ಕೆ ಕಾಣುವುದು ಅಪರೂಪ.

ರೋಗವೇನೋ ಪುರಾತನವಾದುದೇ. ಚರಕಸಂಹಿತೆಯು ಇದನ್ನು ಪಕ್ಷವಧವೆಂದೂ ಸುಶ್ರುತಸಂಹಿತೆಯು ಪಕ್ಷಾಘಾತವೆಂದೂ ಕರೆದು ವಾತವ್ಯಾಧಿಗಳಲ್ಲಿ ಎಣಿಸಿವೆ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳೆಂದು ಚರಕನ ಮತ. ಪರಿಚಾರಕನನ್ನು ವೈದ್ಯನ ಸಾಲಿನಲ್ಲಿಯೇ ನಿಲ್ಲಿಸಿದುದು ಗಮನಾರ್ಹ. ಆದರೆ ಆ ಪರಿಚಾರಕನಿಗೆ ಅನ್ನವೆಲ್ಲಿಂದ, ರೋಗಿಗೆ ನೆಲೆಯೆಲ್ಲಿ ಎಂಬ ಪ್ರಶ್ನೆಗೆ ಉತ್ತರವನ್ನು ಶಾಸ್ತ್ರಗಳಿಗಿಂತ ಶಾಸನಗಳಲ್ಲಿ ಹುಡುಕಬೇಕು.

ಹಿರೇಕೆರೂರಿನಾಚೆ, ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೋಡಿಯಮಠದ ಕ್ರಿ.ಶ. ೧೧೬೨ರ ಶಾಸನವು ಈ ದೃಷ್ಟಿಯಿಂದ ಅಮೂಲ್ಯವಾದುದು. ಕಳಚುರಿ ಬಿಜ್ಜಳನ ಕಾಲದ ಆ ಶಾಸನವು ಮಠವನ್ನು ವ್ಯಾಕರಣ ದರ್ಶನಗಳ ಪಾಠಸ್ಥಾನವೆಂದು ಬಣ್ಣಿಸುವುದರ ಜೊತೆಗೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನವಿಕ್ಕುವ ಸ್ಥಾನವೆಂದೂ, ದಿಕ್ಕಿಲ್ಲದ ರೋಗಿಗಳ ಚಿಕಿತ್ಸೆಯ ಸ್ಥಾನವೆಂದೂ ಹೇಳುತ್ತದೆ. ಆ ಕುಂಟರಲ್ಲಿ ಲಕ್ವ ಹೊಡೆದವರೆಷ್ಟು ಮಂದಿಯೆಂದು ತಿಳಿಯುವಂತಿಲ್ಲ. ಪ್ರಶಸ್ತಿಯ ಮಾತಿನಲ್ಲಿ ಉತ್ಪ್ರೇಕ್ಷೆಯೂ ಇದ್ದೀತು. ಹಾಗಿದ್ದರೂ ಅನ್ನ, ಔಷಧ, ವಸತಿ ಮೂರನ್ನೂ ಒಂದೇ ಸೂರಿನಡಿ ಕಲ್ಪಿಸಿದ ಆ ದೃಷ್ಟಿಯನ್ನು ಅಲ್ಲಗಳೆಯಲಾಗದು. ಈಚಿನ ಕಾಲದಲ್ಲಿ ಔಷಧವು ಆಸ್ಪತ್ರೆಗೆ ಸೇರಿತು. ಉಳಿದೆರಡೂ ಮನೆಯ ಪಾಲಿಗೆ ಬಿದ್ದವು.

ಆ ಮನೆಯಾದರೂ ಎಂಥದು? ಈ ಭಾಗದ ಹಳೆಯ ಮನೆಗಳಲ್ಲಿ ಮುಂಬಾಗಿಲ ಹೊಸ್ತಿಲು ದಪ್ಪ. ಒಳಗೆ ದನ ಕಟ್ಟುವ ನೆಲಕ್ಕಿಂತ ಪಡಸಾಲೆ ಎತ್ತರ. ಎಡಗಾಲು ಎಳೆಯುವವನಿಗೆ ಇವೆರಡೂ ಕೋಟೆಯ ಗೋಡೆಗಳೇ. ಹೇಗೋ ದಾಟಿ ಹೊರಗಿನ ಕಟ್ಟೆಗೆ ಬಂದನೆಂದರೆ ಓಣಿ ಅವನದಾಗುತ್ತದೆ: ಹೋಗಿಬರುವವರು ಮಾತನಾಡಿಸುತ್ತಾರೆ, ಮಳೆ ಬೆಳೆಯ ಸುದ್ದಿ ಕಿವಿಗೆ ಬೀಳುತ್ತದೆ. ಬಲಭಾಗ ಬಿದ್ದವರಲ್ಲಿ ಅನೇಕರಿಗೆ ಮಾತೂ ಹೋಗುವುದುಂಟು; ಅಂಥವರಿಗೆ ಕಟ್ಟೆಯೂ ಒಂಟಿತನದ ಸ್ಥಳವೇ. ಕಟ್ಟೆಯ ಈ ಸೌಖ್ಯವಾದರೂ ಹೆಚ್ಚಾಗಿ ಗಂಡಸರಿಗೆ ಮೀಸಲು. ವಿಧವೆಯಾದ ಮುದುಕಿ ಅಡುಗೆಮನೆಯ ಬದಿಯಲ್ಲಿಯೇ ಉಳಿಯುತ್ತಾಳೆ. ರೋಗ ಒಂದೇ, ಓಣಿಯೂ ಒಂದೇ, ಬದುಕು ಬೇರೆ.

೧೯೬೫ರಲ್ಲಿ ಅಮೇರಿಕದ ಮಹೋನಿ ಮತ್ತು ಬಾರ್ಥೆಲ್ ಎಂಬವರು ಪ್ರಕಟಿಸಿದ ಮಾಪಕವು ಉಣ್ಣುವುದು, ಮೀಯುವುದು, ಬಟ್ಟೆ ತೊಡುವುದು, ಮೆಟ್ಟಿಲೇರುವುದು ಮೊದಲಾದ ಹತ್ತು ಕಾರ್ಯಗಳಿಗೆ ಒಟ್ಟು ೧೦೦ ಅಂಕಗಳನ್ನಿಡುತ್ತದೆ. ರೋಗಿಯ ದಿನಚರಿಯನ್ನು ಎಣಿಕೆಗೆ ತಂದುದು ಅದರ ಹಿರಿಮೆ. ಆದರೆ ಅದು ಕೇಳುವುದು ಹಾಸಿಗೆಯಿಂದ ಕುರ್ಚಿಗೆ ಸರಿಯಬಲ್ಲನೇ ಎಂದು. ನೆಲದ ಮೇಲೆ ಕುಳಿತು ಉಂಡು ನೆಲದಿಂದಲೇ ಏಳಬೇಕಾದವನ ಕಷ್ಟ ಆ ಪ್ರಶ್ನೆಯೊಳಗೆ ಬಾರದು. ಕುಕ್ಕರುಗಾಲಿನಲ್ಲಿ ಕೂಡ್ರುವುದನ್ನಂತೂ ಅದು ಕೇಳುವುದೇ ಇಲ್ಲ. ಮಾಪಕವೂ ತಾನು ಹುಟ್ಟಿದ ಊರಿನ ಮನೆಯನ್ನು ಹೊತ್ತು ತಿರುಗುತ್ತದೆ.

ಮನೆಯವರಿಗೇ ತರಬೇತಿ ಕೊಟ್ಟರೆ ಸಾಲದೇ ಎಂಬ ಪ್ರಶ್ನೆಗೂ ಪರೀಕ್ಷೆ ನಡೆದಿದೆ. ಭಾರತದ ೧೪ ಆಸ್ಪತ್ರೆಗಳ ೧೨೫೦ ರೋಗಿಗಳನ್ನೊಳಗೊಂಡ ‘ಅಟೆಂಡ್’ ಎಂಬ ಆ ಪ್ರಯೋಗದ ಫಲಿತಾಂಶ ೨೦೧೭ರಲ್ಲಿ ಪ್ರಕಟವಾಯಿತು. ಆರು ತಿಂಗಳ ಅನಂತರ ಮರಣದಲ್ಲಿಯಾಗಲಿ ಪರಾವಲಂಬನದಲ್ಲಿಯಾಗಲಿ ತರಬೇತಿಯಿಂದ ವ್ಯತ್ಯಾಸ ಕಂಡುಬರಲಿಲ್ಲ. ಇದರಿಂದ ಮನೆಯವರ ಅಕ್ಕರೆಯನ್ನು ಹಳಿಯಬೇಕಾಗಿಲ್ಲ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಕುಳಿತೇ ಮಾಡುವಂಥದು. ಆದರೆ ಅದಕ್ಕೆ ಎರಡೂ ಕೈ ಬೇಕು. ಅತ್ತೆಯ ಒಂದು ಕೈ ಬಿದ್ದೊಡನೆ ಅವಳ ಕೂಲಿ ನಿಲ್ಲುತ್ತದೆ. ಅವಳನ್ನು ಎಬ್ಬಿಸಿ ಮೀಯಿಸಬೇಕಾದ ಸೊಸೆಯ ಕೂಲಿಯೂ ಅಂದಿನಿಂದಲೇ ನಿಲ್ಲುತ್ತದೆ.