ವಕೀಲರು ಪರಿಹಾರದ ಹಣವನ್ನು ಕಕ್ಷಿದಾರರಿಗೆ ನೀಡದಿದ್ದಲ್ಲಿ ಅನುಸರಿಸಬೇಕಾದ ಕ್ರಮ

ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಗಾಗಿ ಸುರಪುರ ಮತ್ತು ಶಹಾಪುರ ಭಾಗದ ರೈತರು ಜಮೀನು ಬಿಟ್ಟುಕೊಟ್ಟಿರುತ್ತಾರೆ. ಹೆಚ್ಚುವರಿ ಭೂ ಪರಿಹಾರ ಹಾಗೂ ಮೋಟಾರು ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಹಣವು ಸಾಮಾನ್ಯವಾಗಿ ಮೊದಲು ನ್ಯಾಯಾಲಯದಲ್ಲಿ ಠೇವಣಿಯಾಗುತ್ತದೆ. ಆ ಹಣವನ್ನು ವಕೀಲರು ಪಡೆದು ಕಕ್ಷಿದಾರರಿಗೆ ತಲುಪಿಸದಿದ್ದಲ್ಲಿ ಕೈಗೊಳ್ಳಬಹುದಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಮೊದಲಿಗೆ, ಹಣ ನಿಜವಾಗಿಯೂ ಪಾವತಿಯಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಹಲವು ಸಂದರ್ಭಗಳಲ್ಲಿ ಹಣ ಇನ್ನೂ ಠೇವಣಿಯಾಗಿರುವುದಿಲ್ಲ, ಅಥವಾ ನ್ಯಾಯಾಲಯದ ಆದೇಶದಂತೆ ಕಕ್ಷಿದಾರರ ಹೆಸರಿನಲ್ಲಿಯೇ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇರುತ್ತದೆ. ಅಂತಹ ವಿಳಂಬಕ್ಕೆ ವಕೀಲರು ಹೊಣೆಯಲ್ಲ. ಪ್ರಕರಣದ ಸಂಖ್ಯೆ ನಮೂದಿಸಿ ಸಂಬಂಧಪಟ್ಟ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ಆದೇಶ ಹಾಗೂ ಹಣ ಪಾವತಿಯ ದಾಖಲೆಗಳ ದೃಢೀಕೃತ ನಕಲು ಪಡೆಯಬೇಕು. ಮುಂದಿನ ಎಲ್ಲ ಕ್ರಮಗಳಿಗೂ ಈ ನಕಲೇ ಆಧಾರ.

ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಂತೆ, ಕಕ್ಷಿದಾರರ ಪರವಾಗಿ ಹಣ ಬಂದ ಸಂಗತಿಯನ್ನು ವಕೀಲರು ಆದಷ್ಟು ಬೇಗ ತಿಳಿಸಬೇಕು ಮತ್ತು ಕೇಳಿದಾಗ ಲೆಕ್ಕದ ಪ್ರತಿ ಒದಗಿಸಬೇಕು. ಆ ಹಣವನ್ನು ಸಾಲವೆಂದು ಪರಿವರ್ತಿಸಿಕೊಳ್ಳುವಂತಿಲ್ಲ. ಪ್ರಕರಣ ಮುಗಿದ ನಂತರ ಬಾಕಿ ಶುಲ್ಕವನ್ನು ಕಳೆದುಕೊಳ್ಳಲು ಅವಕಾಶವಿದ್ದರೂ, ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಶುಲ್ಕ ಗೊತ್ತುಪಡಿಸುವುದು ನಿಷಿದ್ಧ. ಪಾಲಿನ ಮಾತಿಗೆ ಮೊದಲೇ ಒಪ್ಪಿದ್ದೇವೆ ಎಂಬ ಸಂಕೋಚದಿಂದ ಸುಮ್ಮನಿರುವ ಕಕ್ಷಿದಾರರು ಇದನ್ನು ಗಮನಿಸುವುದು. ಶುಲ್ಕ ಬಾಕಿ ಇದೆಯೆಂದು ಪ್ರಕರಣದ ಕಾಗದಪತ್ರಗಳನ್ನು ತಡೆಹಿಡಿಯಲೂ ವಕೀಲರಿಗೆ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ರಲ್ಲಿ ತೀರ್ಪು ನೀಡಿದೆ.

ನಂತರ ಹಣ ಹಾಗೂ ಲೆಕ್ಕವನ್ನು ಕೋರಿ ವಕೀಲರಿಗೆ ಸ್ಪೀಡ್ ಪೋಸ್ಟ್ ಮೂಲಕ ಪತ್ರ ಕಳುಹಿಸಿ, ರಸೀದಿಯನ್ನು ಇಟ್ಟುಕೊಳ್ಳಬೇಕು. ಉತ್ತರ ಬಾರದಿದ್ದಲ್ಲಿ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ 1961ರ ವಕೀಲರ ಅಧಿನಿಯಮದ 35ನೇ ಪ್ರಕರಣದ ಮೇರೆಗೆ ದೂರು ಸಲ್ಲಿಸಬಹುದು. ದೂರು ಕನ್ನಡದಲ್ಲಿರಬಹುದು, ಸಹಿ, ಸತ್ಯಾಪನೆ ಮತ್ತು ನಿಗದಿತ ಶುಲ್ಕ ಅಗತ್ಯ. ಶಿಸ್ತು ಸಮಿತಿಯು ವಾಗ್ದಂಡನೆ, ಅಮಾನತು ಅಥವಾ ಪಟ್ಟಿಯಿಂದ ಹೆಸರು ತೆಗೆಯುವ ದಂಡನೆ ವಿಧಿಸಬಹುದಾಗಿದೆ. ದೂರು ಒಂದು ವರ್ಷದೊಳಗೆ ಇತ್ಯರ್ಥವಾಗದಿದ್ದಲ್ಲಿ ಭಾರತೀಯ ವಕೀಲರ ಪರಿಷತ್ತಿಗೆ ವರ್ಗಾವಣೆಯಾಗುತ್ತದೆ. ವಕೀಲರು ಹಣ ಹಿಂದಿರುಗಿಸಿ ರಾಜಿಯಾದ ಮಾತ್ರಕ್ಕೆ ವಿಚಾರಣೆ ನಿಲ್ಲುವುದಿಲ್ಲ.

ಉತ್ತರ ಪ್ರದೇಶದ ಒಬ್ಬ ಅನಕ್ಷರಸ್ಥ ವೃದ್ಧರ ಭೂ ಪರಿಹಾರ 8,118 ರೂಪಾಯಿಯನ್ನು ಅವರ ವಕೀಲರೇ ನ್ಯಾಯಾಲಯದಿಂದ ಪಡೆದು ಇಟ್ಟುಕೊಂಡಿದ್ದರು. ಅಮಾನತಿನ ದಂಡನೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆ ವಕೀಲರ ಹೆಸರನ್ನು ಪಟ್ಟಿಯಿಂದಲೇ ತೆಗೆಯುವಂತೆ ಆದೇಶಿಸಿತು. ಮೊತ್ತ ಸಣ್ಣದೆಂದು ಯಾರೂ ದೂರು ನೀಡಲು ಹಿಂಜರಿಯಬೇಕಾಗಿಲ್ಲ.

ಆದರೆ ಪರಿಷತ್ತಿನ ವಿಚಾರಣೆಯು ವಕೀಲರ ನಡತೆಗೆ ಸಂಬಂಧಿಸಿದ್ದು. ಹಣ ವಸೂಲಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ಪ್ರತ್ಯೇಕ ದಾವೆ ಹೂಡಬೇಕಾಗುತ್ತದೆ. ಕಾಲಮಿತಿ ಸಾಮಾನ್ಯವಾಗಿ 3 ವರ್ಷಗಳು; ಪರಿಷತ್ತಿನ ತೀರ್ಮಾನಕ್ಕಾಗಿ ಕಾಯುತ್ತ ಈ ಅವಧಿಯನ್ನು ಕಳೆದುಕೊಳ್ಳಬಾರದು. ವಂಚನೆಯ ಉದ್ದೇಶ ಕಂಡುಬಂದಲ್ಲಿ ನಂಬಿಕೆ ದ್ರೋಹದ ಬಗ್ಗೆ ಪೊಲೀಸ್ ಠಾಣೆಗೆ ದೂರು ನೀಡಬಹುದು (ದಿನಾಂಕ 1-7-2024ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಪ್ರಕರಣ). ದೂರು ದಾಖಲಾಗದಿದ್ದಲ್ಲಿ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಲಿಖಿತವಾಗಿ, ಬಳಿಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ವಕೀಲರ ಸೇವೆಯು ಗ್ರಾಹಕ ಸಂರಕ್ಷಣಾ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿರುವುದರಿಂದ ಗ್ರಾಹಕರ ಆಯೋಗಕ್ಕೆ ಹೋಗಿ ಪ್ರಯೋಜನವಿಲ್ಲ.

ಒಬ್ಬ ವಕೀಲರ ವಿರುದ್ಧ ಅದೇ ಊರಿನ ಮತ್ತೊಬ್ಬ ವಕೀಲರು ವಕಾಲತ್ತು ವಹಿಸಲು ಮುಂದೆ ಬಾರದಿರುವುದು ಸಣ್ಣ ಪಟ್ಟಣಗಳಲ್ಲಿ ಅಸಹಜವೇನಲ್ಲ. ಅಂತಹವರು ಯಾದಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು, ಇಲ್ಲವೇ ಶಹಾಪುರ ಮತ್ತು ಸುರಪುರದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳನ್ನು ಸಂಪರ್ಕಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರಿಗೆ ಉಚಿತವಾಗಿ ವಕೀಲರನ್ನು ನೇಮಿಸಲಾಗುತ್ತದೆ. ಸಹಾಯವಾಣಿ: 15100.

ಪ್ರಕರಣ ಇನ್ನೂ ನಡೆಯುತ್ತಿರುವವರು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಯೊಂದಿಗೆ, ಹಣವನ್ನು ತಮ್ಮ ಖಾತೆಗೇ ನೇರವಾಗಿ ಜಮಾ ಮಾಡುವಂತೆ ನ್ಯಾಯಾಲಯಕ್ಕೆ ಈಗಲೇ ಅರ್ಜಿ ಸಲ್ಲಿಸಬಹುದು. ಖಾಲಿ ಕಾಗದಕ್ಕೆ ಅಥವಾ ಖಾಲಿ ಚೆಕ್ಕಿಗೆ ಸಹಿ, ಹೆಬ್ಬೆಟ್ಟು ಹಾಕತಕ್ಕದ್ದಲ್ಲ.